ಅತ್ತೆಯ ಲಾಂದ್ರ ಮತ್ತು ಉಂಗುರದ ನೀಹಾರಿಕೆ

"ಈ ಬೋನ್ ಹಬ್ಬ ಮುಗಿಯುವುದರೊಳಗೆ ಉಂಗುರದ ನೀಹಾರಿಕೆಯನ್ನು ಹಿಡಿದು ಚೌಕಟ್ಟು ಹಾಕಿಸದಿದ್ದರೆ ನನ್ನ ಹೆಸರು ಕಿಯೊಹಾರು ಅಲ್ಲ!"

ಪೇಟೆಯ ನಕ್ಷತ್ರಪ್ರೇಮಿಗಳ ಸಂಘದ ಸಭೆಯಲ್ಲಿ, ಬಿಯರಿನ ಲೋಟ ಎರಡನೇ ಸಲ ಖಾಲಿಯಾದ ಮೇಲೆ, ಕಿಯೊಹಾರು ಎದ್ದು ನಿಂತು ಹೀಗೆ ಘೋಷಿಸಿದ. ಸಂಘದವರು ಚಪ್ಪಾಳೆ ತಟ್ಟಿದರು. ಚಿತ್ರ ಬಂದರೆ ಸಭಾಭವನದ ಗೋಡೆಯಲ್ಲಿ ನಟ್ಟನಡುವಿನ ಜಾಗ ಅವನಿಗೇ ಎಂದು ಅಧ್ಯಕ್ಷರು ಮಾತು ಕೊಟ್ಟರು. ಚಪ್ಪಾಳೆ ತಟ್ಟಿದವರ ಮನೆಗಳಲ್ಲಿ ಆ ವರ್ಷ ಸಾವಾಗಿರಲಿಲ್ಲ. ಕಿಯೊಹಾರುವಿನ ಮನೆಯಲ್ಲಿ ಆಗಿತ್ತು. ಆ ಗಳಿಗೆಯಲ್ಲಿ ಪುಣ್ಯಾತ್ಮನಿಗೆ ಅದು ಮರೆತೇ ಹೋಗಿತ್ತು.

ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಕೂತು ಕಂಡವರ ಕ್ಯಾಮೆರಾಗಳಿಗೆ ಮಸೂರ ಉಜ್ಜಿದವನು ಅವನು. ನಿವೃತ್ತಿಯ ದಿನ ಶಪಥ ಮಾಡಿದ್ದ: ಉಜ್ಜಿದ್ದು ಸಾಕು, ಇನ್ನೇನಿದ್ದರೂ ನೋಡುವುದು! ಅದಕ್ಕಾಗಿ ಅಂಗಳದಲ್ಲಿ, ಮುಂಬಾಗಿಲಿಗೆ ನೇರ ಎದುರಿಗೆ, ದೂರದರ್ಶಕವೊಂದನ್ನು ಪ್ರತಿಷ್ಠಾಪಿಸಿದ್ದ. ಅದಕ್ಕೆ ಮಳೆಗೆ ಒಂದು ಹೊದಿಕೆ, ಬಿಸಿಲಿಗೆ ಒಂದು ಹೊದಿಕೆ, ಚಳಿಗೆ ಮೆತ್ತನೆಯ ಕಂಬಳಿ. ಆಕಾಶ ತಿರುಗಿದ ಹಾಗೆ ತಾನೂ ತಿರುಗಿ ನಕ್ಷತ್ರದ ಬೆನ್ನು ಹತ್ತಲು ಸಣ್ಣದೊಂದು ಮೋಟಾರು. ಆ ಮನೆಯಲ್ಲಿ ಅಷ್ಟು ಬೆಚ್ಚಗೆ ಬೇರೆ ಯಾರೂ ಮಲಗುತ್ತಿರಲಿಲ್ಲ.

ಈ ಉಂಗುರದ ನೀಹಾರಿಕೆ ಎಂದರೆ, ಒಂದು ಮುದಿ ನಕ್ಷತ್ರದ ಕೊನೆಯುಸಿರು. ಆಯಸ್ಸು ತೀರುತ್ತ ಬಂದ ನಕ್ಷತ್ರ ತನ್ನ ಮೈಮೇಲಿನ ಪದರವನ್ನೆಲ್ಲ ಊದಿಬಿಡುತ್ತದೆ. ಅದು ಸುತ್ತಲೂ ಬಳೆಯ ಹಾಗೆ ಹರಡಿಕೊಂಡು ಸಾವಿರಾರು ವರ್ಷ ಹೊಳೆಯುತ್ತದೆ. ಬೇಸಿಗೆಯ ಸಂಜೆ, ನೇಕಾರ ಹುಡುಗಿ ಎಂದು ಕರೆಯುವ ಅಭಿಜಿತ್ ನಕ್ಷತ್ರ ನೆತ್ತಿಗೆ ಬಂದಾಗ ಇದೂ ಅದರ ಪಕ್ಕದಲ್ಲೇ ಇರುತ್ತದೆ. ಆದರೆ ಬರಿಗಣ್ಣಿಗೆ ಕಾಣದು. ದೂರದರ್ಶಕದಲ್ಲಿ ನೋಡಿದರೂ ಬೂದಿ ಬಣ್ಣದ ಒಂದು ಚಿಟಿಕೆ ಹೊಗೆ, ಅಷ್ಟೆ. ಅದರ ಹಸಿರು, ಅದರ ಕೆಂಪು ಅಂಚು ಕಾಣಬೇಕಾದರೆ ಕ್ಯಾಮೆರಾ ಕಣ್ಣು ತೆರೆದು ಸಾವಧಾನವಾಗಿ ಕೂರಬೇಕು, ಚಿತ್ರದ ಮೇಲೆ ಚಿತ್ರ ಪೇರಿಸಬೇಕು. ಅದಕ್ಕೆ ಬೇಕಾದದ್ದು ಕತ್ತಲೆ. ಕಲಬೆರಕೆಯಿಲ್ಲದ ಕತ್ತಲೆ. ಆ ವರ್ಷ ಬೋನ್ ಬಂದದ್ದು ಚಂದ್ರನಿಲ್ಲದ ದಿನಗಳಲ್ಲಿ. ಮಳೆಗಾಲ ಮುಗಿದು ಬಿರುಗಾಳಿ ಇನ್ನೂ ಶುರುವಾಗಿರಲಿಲ್ಲ. ಇಡೀ ವರ್ಷಕ್ಕೆ ಸಿಕ್ಕುವುದು ಇಂಥ ಒಂದೋ ಎರಡೋ ಸಂಜೆ ಎಂದು ಕಿಯೊಹಾರು ಜಪ ಮಾಡುತ್ತಿದ್ದ.

ಅವನ ಹೆಂಡತಿ ಫುಸಾಕೊ ಕೂಡ ಆ ಸಂಜೆಗೇ ಕಾಯುತ್ತಿದ್ದಳು. ಚಳಿಗಾಲದ ಕೊನೆಯಲ್ಲಿ ಅವಳ ತಾಯಿ ತೊಮೆ ತೀರಿಕೊಂಡಿದ್ದರು. ಸತ್ತವರು ಮೂರು ದಿನದ ಮಟ್ಟಿಗೆ ಮನೆಗೆ ಬಂದು ಹೋಗುವುದೇ ಬೋನ್. ಹಳೆಯ ಪಿತೃಗಳಿಗೆ ದಾರಿ ಗೊತ್ತಿರುತ್ತದೆ, ಅವರ ಪಾಡಿಗೆ ಅವರು ಬರುತ್ತಾರೆ. ಹೊಸದಾಗಿ ಸತ್ತವರಿಗೆ ಅಭ್ಯಾಸ ಸಾಲದು. ಅದಕ್ಕೇ ಮೊದಲ ವರ್ಷ ಅಂಥವರ ಮನೆಯ ಸೂರಿಗೆ ಬಿಳಿ ಕಾಗದದ ಲಾಂದ್ರ ತೂಗುಹಾಕುವುದು. ಆ ಬಿಳಿ ಬೆಳಕು ನೋಡಿಕೊಂಡು ಅವರು ಮನೆ ಗುರುತು ಹಿಡಿಯಬೇಕು. ಬಿಳಿ ಲಾಂದ್ರ ಒಂದೇ ವರ್ಷ, ಆಮೇಲೆ ಇಲ್ಲ.

ತೊಮೆಗೆ ಕತ್ತಲೆಯೆಂದರೆ ಮೊದಲಿಂದಲೂ ಆಗದು. ಆಸ್ಪತ್ರೆಯಲ್ಲಿದ್ದ ಕೊನೆಯ ವಾರಗಳಲ್ಲಿ ಅವರು ಕೇಳುತ್ತಿದ್ದದ್ದು ಊಟವಲ್ಲ, ಔಷಧಿಯಲ್ಲ. ಮಗಳು ಮನೆಗೆ ಹೊರಟು ಎದ್ದರೆ ಸಾಕು, "ಹೋಗ್ತಾ ದೀಪ ಆರಿಸಬೇಡ ಕಣೇ" ಅನ್ನುತ್ತಿದ್ದರು. ಆರಿಸುವುದು ಬಿಡುವುದು ದಾದಿಯರ ಕೈಯಲ್ಲಿತ್ತು. ಆದರೂ ಫುಸಾಕೊ ಪ್ರತಿಸಲ ಅವರನ್ನು ಬೇಡಿಕೊಂಡು ಬರುತ್ತಿದ್ದಳು. ತಾಯಿ ಹೋದದ್ದು ಬೆಳಗಿನ ಜಾವ, ಯಾರೂ ಹತ್ತಿರವಿಲ್ಲದಾಗ. ಆಗ ದೀಪ ಉರಿಯುತ್ತಿತ್ತೋ ಇಲ್ಲವೋ ಎಂಬುದನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಶವಸಂಸ್ಕಾರದಲ್ಲಿ ಅವಳು ಅಳಲಿಲ್ಲ. ಬಂದವರಿಗೆ ಚಹಾ ಕೊಟ್ಟಳು, ಚಪ್ಪಲಿ ಜೋಡಿಸಿದಳು, ಮತ್ತೆ ಚಹಾ ಕೊಟ್ಟಳು. ಅಂಥವಳು ಈಗ ಆ ಒಂದು ಲಾಂದ್ರದ ಮೇಲೆ ಜೀವವಿಟ್ಟುಕೊಂಡಿದ್ದಳು.

ಇದೆಲ್ಲ ಕಿಯೊಹಾರುವಿಗೆ ಗೊತ್ತಿಲ್ಲವೆಂದಲ್ಲ. ಅವನು ಆ ಮನೆಯ ಮನೆಅಳಿಯ. ಮನೆಯೂ ಅತ್ತೆಯದು, ಮನೆತನದ ಹೆಸರೂ ಅತ್ತೆಯದು, ದೂರದರ್ಶಕ ನಿಂತ ಅಂಗಳವೂ ಅತ್ತೆಯದು. ಆದರೂ ಹಬ್ಬಕ್ಕೆ ಮುಂಚೆ ಒಂದು ಪ್ರಯತ್ನ ಮಾಡಿ ನೋಡಿದ.

"ಅಲ್ವೇ, ಲಾಂದ್ರಕ್ಕೆ ಸ್ವಲ್ಪ ಸಣ್ಣ ಬಲ್ಬು ಹಾಕಿದ್ರೆ ಹೇಗೆ?"

"ಅಮ್ಮಂಗೆ ಕಣ್ಣು ಮಂದ ಕಣ್ರೀ. ನೀವು ಹೇಳಿದ್ದು ಒಳ್ಳೇದಾಯ್ತು" ಎಂದವಳೇ ಫುಸಾಕೊ ಇದ್ದ ಬಲ್ಬನ್ನು ತೆಗೆದು ಇನ್ನೂ ದೊಡ್ಡದನ್ನು ಹಾಕಿದಳು.

ಲಾಂದ್ರದ ಜೊತೆಗೆ ಇನ್ನೊಂದು ಶತ್ರುವಿತ್ತು. ಕಾಲುವೆ ತಿರುವಿನ ಬೀದಿದೀಪ. ಅದೃಷ್ಟಕ್ಕೆ ಆ ವರ್ಷ ಕೇರಿಯ ಯಜಮಾನಿಕೆಯ ಸರದಿ ಕಿಯೊಹಾರುವಿನದೇ ಆಗಿತ್ತು. ಯಜಮಾನಿಕೆ ಎಂದರೆ ಕಸದ ಚೀಲ ಎಣಿಸುವುದು, ಕಾಲುವೆಯ ಹೂಳು ತೆಗೆಯುವ ದಿನ ಗೊತ್ತು ಮಾಡುವುದು. ಆದರೆ ಬೀದಿದೀಪದ ಪೆಟ್ಟಿಗೆಯ ಬೀಗದ ಕೈ ಕೂಡ ಯಜಮಾನನ ಬಳಿಯೇ ಇರುತ್ತದೆ! ರಾತ್ರಿ ಬೆಳಕು ಬಿದ್ದರೆ ಬತ್ತ ತೆನೆ ಬಿಡುವುದಿಲ್ಲವೆಂದು ಅವನು ಸಾರಿದ. ಅದು ನಿಜವಾದ್ದರಿಂದ ಗದ್ದೆಯವರೆಲ್ಲ ಭೇಷ್ ಎಂದರು. ಬೀದಿದೀಪ ಸತ್ತಿತು. ರೈತರ ಹಿತ ಕಾಯುವ ಇಂಥ ಯಜಮಾನ ಇದುವರೆಗೆ ಸಿಕ್ಕಿರಲಿಲ್ಲ ಎಂಬ ಮಾತೂ ಕೇಳಿಬಂತು.

ಗದ್ದೆಯಾಚೆ, ಪಡುವಣ ದಿಕ್ಕಿಗೆ, ಇನ್ನೊಂದು ಬಿಳಿ ಲಾಂದ್ರ ತೂಗುತ್ತಿತ್ತು. ಅದು ಮಾತ್ಸುನೊ ಎಂಬ ಮುದುಕಿಯ ಮನೆ. ಒಂದಾನೊಂದು ಕಾಲದಲ್ಲಿ ಕೇರಿಯ ಹೆಂಗಸರೆಲ್ಲ ಚಹಾಕ್ಕೆ ಸೇರಿದ್ದಾಗ ಈ ಮಾತ್ಸುನೊ ತೊಮೆಯ ಬದನೆಕಾಯಿ ಉಪ್ಪಿನಕಾಯಿಯನ್ನು ಬಾಯಿಗಿಟ್ಟು, "ಉಪ್ಪು ಹಾಕಿದೀರಾ, ಕಾಯಿ ಹಾಕೋದು ಮರೆತಿದೀರಾ?" ಎಂದು ಕೇಳಿದ್ದರು. ಅಂದಿನಿಂದ ತೊಮೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಮೂವತ್ತು ವರ್ಷ ಗದ್ದೆಯ ಈಚೆಗೊಬ್ಬರು ಆಚೆಗೊಬ್ಬರು ಬಗ್ಗಿ ಕಳೆ ಕಿತ್ತರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತೊಮೆ ಹೋದ ಸುದ್ದಿ ಕೇಳಿ ಮಾತ್ಸುನೊ, "ಅಲ್ಲೂ ಅವಳೇ ಮುಂದೆ" ಎಂದರಂತೆ. ಚೆರ್ರಿ ಹೂ ಉದುರುವ ಹೊತ್ತಿಗೆ ತಾವೂ ಹೊರಟುಹೋದರು.

ಹಬ್ಬದ ಮೊದಲ ದಿನ ಸೂರ್ಯ ಮುಳುಗುತ್ತಲೇ ಗಂಡಹೆಂಡತಿ ಬಾಗಿಲ ಮುಂದೆ ಭೂರ್ಜದ ತೊಗಟೆ ಸುಟ್ಟರು. ಪಿತೃಗಳನ್ನು ಕರೆಯುವ ಬೆಂಕಿ ಅದು. ದೇವರಗೂಡಿನ ಮುಂದೆ ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿದ ಕುದುರೆ ನಿಂತಿತ್ತು, ಬರುವಾಗ ಬೇಗ ಬರಲೆಂದು. ಪಕ್ಕದಲ್ಲಿ ಬದನೆಕಾಯಿಯ ಹಸು, ಹೋಗುವಾಗ ನಿಧಾನವಾಗಿ ಹೋಗಲೆಂದು. ಫುಸಾಕೊ ಲಾಂದ್ರದ ಗುಂಡಿ ಒತ್ತಿ, ಅದು ರಸ್ತೆಯ ಕಡೆಗೆ ಸರಿಯಾಗಿ ಮುಖ ಮಾಡಿದೆಯೇ ನೋಡಿ, ಹಿತ್ತಲ ಕಡೆಯ ಅಡುಗೆಮನೆಗೆ ಹೋದಳು. ಬೆಟ್ಟದಾಚೆಯ ಕಣಿವೆಯಿಂದ ಅವಳ ಸೋದರಮಾವ ಜಿನ್ಸಾಕು ಬರುವುದಿತ್ತು. ದೇವಸ್ಥಾನದ ಗುರುಗಳು ಮಂತ್ರ ಹೇಳಲು ಬರುವುದಿತ್ತು. ತೊಮೆಗೆ ಇಷ್ಟವಾದ ಸಿಹಿಕಡುಬನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಕೆಲಸ ಬೆಟ್ಟದಷ್ಟಿತ್ತು.

ಕತ್ತಲು ಗಟ್ಟಿಯಾಯಿತು. ನೇಕಾರ ಹುಡುಗಿ ನೆತ್ತಿಗೆ ಬಂದಳು. ಕಿಯೊಹಾರು ಮೊದಲ ಚಿತ್ರ ತೆಗೆದ. ಹಾಲು ಚೆಲ್ಲಿದ ಹಾಗೆ ಪೂರ್ತಿ ಬಿಳಿ! ಲಾಂದ್ರದ ಪ್ರತಾಪ. ಅವನು ಲಾಂದ್ರವನ್ನು ನೋಡಿದ, ಆಕಾಶವನ್ನು ನೋಡಿದ, ಮತ್ತೆ ಲಾಂದ್ರವನ್ನು ನೋಡಿದ. ಆಗ ಅವನ ತಲೆಯಲ್ಲಿ ಒಂದು ಲೆಕ್ಕ ಹುಟ್ಟಿತು.

ಸ್ಮಶಾನ ಇರುವುದು ಗುಡ್ಡದ ಬುಡದಲ್ಲಿ. ಬದುಕಿದ್ದವರು ನಡೆದು ಬಂದರೂ ಒಂದು ಸಿಗರೇಟು ಮುಗಿಯುವಷ್ಟು ದಾರಿ. ಅತ್ತೆಗೆ ಮಂಡಿನೋವು ಈಗ ಇಲ್ಲ. ಮೇಲಾಗಿ ಕುದುರೆ ಕೊಟ್ಟಿದೆ, ತಾಜಾ ಸೌತೆಕಾಯಿಯದು. ಬೆಂಕಿ ಹಚ್ಚಿ ಎಷ್ಟು ಹೊತ್ತಾಯಿತು? ಯಾವ ಕೋನದಿಂದ ನೋಡಿದರೂ ಅತ್ತೆ ಇಷ್ಟು ಹೊತ್ತಿಗೆ ಮನೆಯೊಳಗೆ ಬಂದು, ಕೂತು, ಯಾರು ಎಷ್ಟು ಎಣ್ಣೆ ದಂಡ ಮಾಡುತ್ತಿದ್ದಾರೆಂದು ನೋಡುತ್ತಿರಬೇಕು. ಬಂದವರಿಗೆ ದಾರಿದೀಪ ಯಾಕೆ? ವಿಜ್ಞಾನಕ್ಕೂ ಧರ್ಮಕ್ಕೂ ಏಕಕಾಲದಲ್ಲಿ ನ್ಯಾಯ ಒದಗಿಸಿದ ತೃಪ್ತಿಯಲ್ಲಿ ಕಿಯೊಹಾರು ಗುಂಡಿ ಒತ್ತಿದ.

ಆಹಾ ಕತ್ತಲೆ! ಉತ್ತರದಿಂದ ದಕ್ಷಿಣಕ್ಕೆ ಆಕಾಶಗಂಗೆ ಹರಿಯಿತು. ಕ್ಯಾಮೆರಾ ಕಣ್ಣು ತೆರೆಯಿತು. ಎರಡನೇ ಚಿತ್ರದಲ್ಲೇ ಪುಟ್ಟ ಹಸಿರು ಬಳೆ ಮೂಡಿತು. ಅವನ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಫುಸಾಕೊ, ಲಾಂದ್ರ ಉರೀತಿದೆ ತಾನೇ ಎಂದು ಕೂಗಿ ಕೇಳಿದಳು. ಇವನು ದೂರದರ್ಶಕದಿಂದ ಕಣ್ಣು ತೆಗೆಯದೆ, ಚೆನ್ನಾಗಿ ಉರೀತಿದೆ ಎಂದ.

ಒಂದು ಕಾರು ರಸ್ತೆಯಲ್ಲಿ ನಿಧಾನವಾಯಿತು, ತಡಕಾಡಿತು, ಮುಂದೆ ಹೋಯಿತು. ಕಾರಿನ ಬೆಳಕು ಅಂಗಳಕ್ಕೆ ತಿರುಗದೆ ಹೋದದ್ದಕ್ಕೆ ಕಿಯೊಹಾರು ಮನಸ್ಸಿನಲ್ಲೇ ಕೈಮುಗಿದ. ಸ್ವಲ್ಪ ಹೊತ್ತಿಗೆ ಕಾಲುವೆಯ ತಿರುವಿನಲ್ಲಿ ಒಂದು ಸ್ಕೂಟರಿನ ಸದ್ದು ಬಂತು. ಸದ್ದು ನಿಂತಿತು. ದೊಡ್ಡದೇನೋ ನೀರಿಗೆ ಬಿತ್ತು. ಕಾಡುಹಂದಿ ಇರಬೇಕೆಂದುಕೊಂಡು ಅವನು ದೂರದರ್ಶಕ ಅಲುಗಾಡದಿರಲೆಂದು ಉಸಿರು ಬಿಗಿಹಿಡಿದ. ಕಾಡುಹಂದಿ ಬುದ್ಧನ ಹೆಸರು ಹೇಳುತ್ತ ಮೇಲೆದ್ದದ್ದು ಕೇಳಿಸಿತು. ಆದರೂ ಅವನು ಉಸಿರು ಬಿಡಲಿಲ್ಲ.

ಅಡುಗೆಮನೆಯಲ್ಲಿ ಕರಿದದ್ದೆಲ್ಲ ಆರಿತು. ಫುಸಾಕೊ ತಟ್ಟೆಗಳನ್ನು ಜೋಡಿಸಿ ಕೂತಳು, ಎದ್ದಳು, ಮತ್ತೆ ಕೂತಳು. ಯಾರೂ ಬರಲಿಲ್ಲ. ತಾಯಿಯ ಮೊದಲ ಬೋನ್‌ಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಸ್ವಂತ ತಮ್ಮನಿಗೆ ಬೇಡ, ಗುರುಗಳಿಗೆ ಬೇಡ, ಇನ್ನು ಯಾರಿಗೆ ಬೇಕು ಅಮ್ಮ ಎಂದುಕೊಂಡಳು. ಒಂದು ತಟ್ಟೆ ಕಡುಬು ಹಿಡಿದುಕೊಂಡು, ಗಂಡನಾದರೂ ತಿನ್ನಲಿ ಎಂದು ಮುಂಬಾಗಿಲಿಗೆ ಬಂದಳು. ಬಂದವಳು ಅಲ್ಲೇ ನಿಂತಳು.

ಅದೇ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ಟಾರ್ಚೊಂದು ಬಂತು. ನೇರವಾಗಿ ದೂರದರ್ಶಕದ ಬಾಯಿಗೇ ಬೆಳಕು ಬಿಟ್ಟುಕೊಂಡು ಬಂದದ್ದು ಯಾಸುಯೊ, ಮಾತ್ಸುನೊ ಮನೆಯ ಸೊಸೆ.

"ಫುಸಾಕೊ ಅಕ್ಕಾ, ನಿಮ್ಮನೇಲಿ ಕರೆಂಟ್ ಹೋಗಿದ್ಯಾ? ನಿಮ್ಮ ಸೋದರಮಾವ ನಮ್ಮನೇಲಿ ಕೂತು ಅಳ್ತಿದಾರೆ."

ಆಮೇಲೆ ಅವಳು ಹೇಳಿದ್ದು ಇಷ್ಟು. ಜಿನ್ಸಾಕು ಇಡೀ ದಿನ ಹೊಲದಲ್ಲಿ ಕೋಸು ತುಂಬಿ ಕಳಿಸಿ, ಸುಸ್ತಾಗಿ, ಕತ್ತಲಲ್ಲಿ ಬಂದಿದ್ದ. ಬೀದಿದೀಪವಿಲ್ಲ. ಬಿಳಿ ಲಾಂದ್ರ ಒಂದೇ ಒಂದು ಕಂಡಿತು. ಅದೇ ಅಕ್ಕನ ಮನೆಯೆಂದು ನುಗ್ಗಿದ. ಧೂಪದ ಹೊಗೆಯ ಹಿಂದೆ ಕಪ್ಪು ಕಿಮೊನೊ ತೊಟ್ಟ ಮುದುಕಿಯ ಫೋಟೋ. ಕನ್ನಡಕ ಕಾರಿನಲ್ಲಿ ಬಿಟ್ಟಿದ್ದ. "ಅಕ್ಕಾ" ಎಂದು ಬಿದ್ದು ಅತ್ತ. ಕಾಣಿಕೆಯ ಲಕೋಟೆ ಇಟ್ಟ. ಮನೆಯವರು ಏನು ಹೇಳಲೂ ಸಂಕೋಚಪಟ್ಟು ಚಹಾ, ಬದನೆಕಾಯಿ ಉಪ್ಪಿನಕಾಯಿ ತಂದಿಟ್ಟರು. ಜಿನ್ಸಾಕು ಒಂದು ಹೋಳು ಬಾಯಿಗಿಟ್ಟು, ಫೋಟೋ ಕಡೆ ತಿರುಗಿ, ಬಿಕ್ಕುತ್ತ ಹೇಳಿದನಂತೆ: "ಬದುಕಿದ್ದಾಗ ಒಂದು ಸಲಾನೂ ಇಷ್ಟು ರುಚಿಯಾಗಿ ಮಾಡ್ಲಿಲ್ವಲ್ಲೇ ಅಕ್ಕಾ." ಅಷ್ಟರಲ್ಲಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಗುರುಗಳೂ ಅದೇ ಬೆಳಕು ನೋಡಿ ಬಂದರು. ಬಂದವರು ಕೂತವರ ಅಳು ನೋಡಿ, ತೊಮೆಯ ಹೆಸರಿನಲ್ಲಿ ಅರ್ಧ ಮಂತ್ರ ಹೇಳಿ ಮುಗಿಸಿದ ಮೇಲೆ ಮನೆ ಬೇರೆ ಎಂಬುದು ಹೊರಬಿತ್ತು.

ಕಿಯೊಹಾರು ನಗಲು ನೋಡಿದ. ನಗು ಬರಲಿಲ್ಲ. ಫುಸಾಕೊ ನಗುತ್ತಿರಲಿಲ್ಲ.

"ಯಾಸುಯೊ, ನಮ್ಮ ಕಡೆ ಬರೀ ಕತ್ತಲಿತ್ತು ಅಂದ್ಯಲ್ಲ. ಹಾಗಾದ್ರೆ ಅಮ್ಮ?"

ಯಾಸುಯೊ ಟಾರ್ಚನ್ನು ನೆಲಕ್ಕೆ ಇಳಿಸಿದಳು. "ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ ಅಕ್ಕ. ಆಗ್ಲೇ ಉಗ್ರಾಣದಲ್ಲಿ ಉಪ್ಪಿನಕಾಯಿ ಪೀಪಾಯಿ ಮುಚ್ಚಳದ ಮೇಲೆ ಭಾರಕ್ಕಿಟ್ಟ ಕಲ್ಲು ತಾನಾಗೇ ಉರುಳ್ತು. ಅಲ್ಲಿ ಯಾರೂ ಇರ್ಲಿಲ್ಲ."

"ಅಮ್ಮನೇ" ಎಂದಳು ಫುಸಾಕೊ. "ಮುಚ್ಚಳ ತೆಗೆದು ನೋಡಿದಾಳೆ."

ಕಲ್ಲಿಗೆ ಜಾರುವ ಗುಣವಿರುತ್ತದೆ ಎಂದು ಕಿಯೊಹಾರು ಶುರುಮಾಡಿದ. ಇಬ್ಬರು ಹೆಂಗಸರು ತನ್ನ ಕಡೆ ನೋಡಿದ ರೀತಿಗೆ ಆ ವೈಜ್ಞಾನಿಕ ವಿವರಣೆ ಅರ್ಧಕ್ಕೇ ನಿಂತಿತು. ತನ್ನ ಲೆಕ್ಕವನ್ನಾದರೂ ಒಪ್ಪಿಸೋಣವೆಂದು, ಬೆಂಕಿ ಹಚ್ಚಿದ್ದು, ಸ್ಮಶಾನದ ದೂರ, ಕುದುರೆಯ ವೇಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಫುಸಾಕೊ ಪೂರ್ತಿ ಕೇಳಿದಳು. ಆಮೇಲೆ ತಟ್ಟೆಯನ್ನು ಕೆಳಗಿಟ್ಟಳು.

"ನಮ್ಮಮ್ಮ ಯಾವತ್ತಾದ್ರೂ ನೆಟ್ಟಗೆ ಮನೆಗೆ ಬಂದದ್ದು ನೋಡಿದೀರಾ? ತೋಫು ತರೋಕೆ ಹೋದ್ರೆ ದಾರೀಲಿ ಸಿಕ್ಕಿದ ಬಾಗಿಲಲ್ಲೆಲ್ಲ ನಿಂತು ಮಾತಾಡ್ಕೊಂಡು ಬರೋಳು. ಇವತ್ತೂ ಹಾಗೇ. ಅಕ್ಕಪಕ್ಕದ ಗೋರಿ ಹುಲ್ಲು ಕಿತ್ತಿರ್ತಾಳೆ, ಅವರ ಹೂವು ಸರಿ ಇಲ್ಲ ಅಂದಿರ್ತಾಳೆ. ತಡವಾಗಿ ಬಂದಿರ್ತಾಳೆ. ಬಂದು ನೋಡಿದ್ರೆ ಮನೇನೇ ಇಲ್ಲ." ಅವಳ ದನಿ ಅಲ್ಲಿ ಸಣ್ಣದಾಯಿತು. "ಕತ್ತಲಂದ್ರೆ ಅವಳಿಗೆ ಭಯ ಅಂತ ನಿಮಗೆ ಗೊತ್ತಿತ್ತು ಕಣ್ರೀ. ಗೊತ್ತಿದ್ದೂ ಆರಿಸಿದ್ರಿ."

ಕಿಯೊಹಾರು ಹೋಗಿ ಲಾಂದ್ರದ ಗುಂಡಿ ಒತ್ತಿದ. ಬೆಳಕು ಅಂಗಳ ತುಂಬಿತು, ಯಾರೂ ಇಲ್ಲದ ಅಂಗಳ.

ಈಗ ಹಚ್ಚಿದರೆ ಅಮ್ಮ ಬರುವುದಿಲ್ಲ ಎಂದಳು ಫುಸಾಕೊ. ಬೈದವಳ ಮನೆಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಎದ್ದು ಹೊರಟರೆ ಸೋತ ಹಾಗೆ, ಕೂತರೆ ಮಾನಗೇಡು. ಕರೆದುಕೊಂಡು ಬರಬೇಕು. ಅವಳು ಅಡುಗೆಯ ಏಪ್ರನ್ನಿನಲ್ಲೇ ಗದ್ದೆಗೆ ಇಳಿದಳು. ಯಾಸುಯೊ ಟಾರ್ಚು ಹಿಡಿದು ಮುಂದೆ, ಕಿಯೊಹಾರು ಹಿಂದೆ. ಕ್ಯಾಮೆರಾವನ್ನು ನಿಲ್ಲಿಸಿ ಹೋಗಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

ಮಾತ್ಸುನೊ ಮನೆಯಲ್ಲಿ ಗುರುಗಳು ನಿಲುವಂಗಿಯನ್ನು ಫ್ಯಾನಿನ ಮುಂದೆ ಹರವಿಕೊಂಡು, ಮನೆಯವರ ಕಾಟನ್ ಕಿಮೊನೊದಲ್ಲಿ ಕೂತು ಕಲ್ಲಂಗಡಿ ತಿನ್ನುತ್ತಿದ್ದರು. ಜಿನ್ಸಾಕು ಕನ್ನಡಕ ತರಿಸಿಕೊಂಡು ಫೋಟೋವನ್ನು ಇನ್ನೊಮ್ಮೆ ನೋಡಿ, ತಲೆ ಎತ್ತದೆ ಕೂತಿದ್ದ. ಫುಸಾಕೊ ಮಾತ್ಸುನೊ ಫೋಟೋಗೆ ಧೂಪ ಹಚ್ಚಿ ಬಾಗಿ, ತಾಯಿ ತಪ್ಪಿ ಬಂದು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದಳು. ಆಮೇಲೆ ಅವಳಿಗೆ ಮುಂದೆ ಏನು ಮಾಡಬೇಕೋ ತಿಳಿಯಲಿಲ್ಲ. ಹೊಲಬುಗೆಟ್ಟ ಸತ್ತವರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ಕ್ರಮ ಯಾರಿಗೂ ಗೊತ್ತಿರಲಿಲ್ಲ.

ಗುರುಗಳು ಬೀಜ ಉಗಿದು ಕೈ ಒರೆಸಿಕೊಂಡರು. "ನಮ್ಮ ಅಜ್ಜನ ಕಾಲದಲ್ಲಿ ಲಾಂದ್ರ ನೆಚ್ಕೊಂಡು ಕೂರ್ತಿರ್ಲಿಲ್ಲ. ಗೋರಿಗೇ ಹೋಗಿ, ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತು, ಹತ್ಕೊಳ್ಳಿ ಅಂತ ಹೇಳಿ ಕೂಸುಮರಿ ಹೊತ್ಕೊಂಡು ಬರೋರು. ಮಂಡಿನೋವು ಜಾಸ್ತಿ ಆಗಿ ಬಿಟ್ಬಿಟ್ರು. ಇಲ್ಲಿಂದ ಹೊತ್ಕೊಂಡು ಹೋಗ್ಬಾರ್ದು ಅಂತೇನೂ ಇಲ್ಲ."

ಎಲ್ಲರೂ ಕಿಯೊಹಾರುವಿನ ಕಡೆ ನೋಡಿದರು.

ಅವನು ದೇವರಗೂಡಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತ. ಕೈಗಳನ್ನು ಹಿಂದಕ್ಕೆ ಕಟ್ಟಿದ. ಹೇಳಬೇಕಾದ ಮಾತನ್ನು ಫುಸಾಕೊ ಹೇಳಿದಳು. "ಅಮ್ಮಾ, ಹತ್ಕೋ. ಮನೆಗೆ ಹೋಗೋಣ."

ಕಿಯೊಹಾರು ಎದ್ದ. ಬೆನ್ನ ಮೇಲೆ ಏನೂ ಇರಲಿಲ್ಲ ಎಂದು ಅವನು ಇವತ್ತಿಗೂ ಸಂಘದಲ್ಲಿ ಹೇಳುತ್ತಾನೆ. ಆದರೆ ಆ ಹೊತ್ತಿಗೆ ಅವನಿಗೆ ನೆನಪಾದದ್ದು ಚಳಿಗಾಲದ ಒಂದು ಬೆಳಗ್ಗೆ. ಹಿಮ ಬಿದ್ದು ಆಂಬುಲೆನ್ಸ್ ಕೇರಿಯೊಳಕ್ಕೆ ಬರಲಾಗದೆ ನಿಂತಿತ್ತು. ಅತ್ತೆಯನ್ನು ರಸ್ತೆಯವರೆಗೆ ಹೊತ್ತುಕೊಂಡು ಹೋದದ್ದು ಅವನೇ. ಆಗಲೂ ಬೆನ್ನ ಮೇಲೆ ಏನೂ ಇಲ್ಲದ ಹಾಗೇ ಇತ್ತು. ಅಷ್ಟು ಸವೆದುಹೋಗಿದ್ದರು. ಕಿವಿಯ ಹತ್ತಿರ ಬಿಸಿಯುಸಿರು ಬಿಡುತ್ತ, "ನಿಧಾನ ಕಣಪ್ಪಾ, ನಾನೇನು ಅಕ್ಕಿ ಮೂಟೆಯಲ್ಲ" ಎಂದಿದ್ದರು. ಅವರು ಅವನೊಡನೆ ಆಡಿದ ಕೊನೆಯ ಮಾತು ಅದು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬದುವಿನ ಮೇಲೆ ಮೆರವಣಿಗೆ ಹೊರಟಿತು. ಯಾಸುಯೊ ತಮ್ಮ ಮನೆಯ ಬಿಳಿ ಲಾಂದ್ರವನ್ನೇ ಉದ್ದದ ವೈರಿನಿಂದ ಬಿಚ್ಚಿ, ಒಳಗೆ ಮೇಣದ ಬತ್ತಿ ಹಚ್ಚಿ, ಹಿಡಿದು ನಡೆದಳು. ನಡುವೆ ಕಿಯೊಹಾರು, ಬಾಗಿದ ಬೆನ್ನು, ಹಿಂದೆ ಕಟ್ಟಿದ ಕೈ. ಅವನ ಹಿಂದೆ ಜಿನ್ಸಾಕು, ಕೊನೆಗೆ ಯಾರದೋ ಕಿಮೊನೊದಲ್ಲಿ ಗುರುಗಳು. ಪಕ್ಕದ ಮನೆಗಳವರು ಬಾಗಿಲಿಗೆ ಬಂದು, ಕೇರಿಯ ಯಜಮಾನರು ಖಾಲಿ ಬೆನ್ನು ಹೊತ್ತು ನಡೆಯುವುದನ್ನು ನೋಡಿ, ನಗಬೇಕೆಂದು ಬಾಯಿ ತೆರೆದು, ಫುಸಾಕೊ ಮುಖ ನೋಡಿ ಮುಚ್ಚಿಕೊಂಡರು. ಅವಳು ಅವನ ಪಕ್ಕಕ್ಕೆ ಕೆಸರಿನಲ್ಲೇ ನಡೆಯುತ್ತ ಬೆನ್ನಿನ ಕಡೆ ಮುಖಮಾಡಿ ಮಾತಾಡುತ್ತಿದ್ದಳು. ಈ ವರ್ಷ ಬತ್ತ ಚೆನ್ನಾಗಿ ಬಂದಿದೆ ಎಂದಳು. ನಿನ್ನ ಚಾಪೆ ಒಗೆದು ಇಟ್ಟಿದೀನಿ ಎಂದಳು. ಆ ದಿನ ಬೆಳಗಿನ ಜಾವ ಆಸ್ಪತ್ರೆಯಲ್ಲಿ ದೀಪ ಇತ್ತಾ ಅಮ್ಮ ಎಂದು ಕೇಳಿದಳು. ಕೇಳಿದವಳು ಅಲ್ಲೇ ಬದುವಿನ ಮೇಲೆ ಕೂತು, ಆರು ತಿಂಗಳಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಯಾಸುಯೊ ಲಾಂದ್ರವನ್ನು ಅವಳ ಹತ್ತಿರಕ್ಕೆ ಹಿಡಿದು ನಿಂತಳು.

ಕಿಯೊಹಾರು ಕಾದು ನಿಂತ. ಸಮಾಧಾನ ಮಾಡಲು ಕೈ ಚಾಚಬೇಕೆನಿಸಿತು. ಚಾಚಿದರೆ ಬೆನ್ನಿನ ಮೇಲಿದ್ದವರು ಬೀಳುತ್ತಾರೆ. ಕಾಲುವೆ ದಾಟುವಲ್ಲಿ, ಯಜಮಾನರ ಅಪ್ಪಣೆಯಂತೆ ಕತ್ತಲಾಗಿದ್ದ ಆ ತಿರುವಿನಲ್ಲಿ, ಅವನ ಕಾಲು ಜಾರಿ ತೊಡೆಯವರೆಗೆ ನೀರಿಗಿಳಿಯಿತು. ಒಂದು ಚಪ್ಪಲಿ ಹರಿದುಕೊಂಡು ಹೋಯಿತು. ಕಟ್ಟಿದ ಕೈಯನ್ನು ಮಾತ್ರ ಅವನು ಬಿಡಲಿಲ್ಲ.

"ನಿಧಾನ" ಎಂದಳು ಫುಸಾಕೊ. "ಅಮ್ಮಂಗೆ ಪೆಟ್ಟಾದೀತು."

ಮನೆಗೆ ಬಂದು, ದೇವರಗೂಡಿನ ಮುಂದೆ ಬೆನ್ನು ಮಾಡಿ ಕೂತು, ಅತ್ತೆಯನ್ನು ಇಳಿಸಿದ್ದಾಯಿತು. ಗುರುಗಳು ಉಳಿದರ್ಧ ಮಂತ್ರ ಮುಗಿಸಿದರು. ಆರಿದ ಕಡುಬನ್ನು ಎಲ್ಲರೂ ತಿಂದರು. ಜಿನ್ಸಾಕು ಇದೇ ಅಕ್ಕನ ಕೈರುಚಿ ಎಂದು ಅಗತ್ಯಕ್ಕಿಂತ ಹೆಚ್ಚು ಸಲ ಹೇಳಿದ. ಎಲ್ಲರೂ ಹೋದ ಮೇಲೆ ಫುಸಾಕೊ ಪಾತ್ರೆ ತೊಳೆದು, ಮುಖ ತೊಳೆದು, ಹೊರಗೆ ಬಂದಳು.

"ಅದೇನು ತೆಗೆದ್ರೋ ತೋರಿಸಿ."

ಕ್ಯಾಮೆರಾ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು. ಲಾಂದ್ರ ಹಚ್ಚಿದ ಮೇಲಿನದೆಲ್ಲ ಹಾಳಾಗಿತ್ತು. ಅದಕ್ಕೆ ಮೊದಲಿನದರಲ್ಲಿ ಒಂದು ಚೆನ್ನಾಗಿತ್ತು. ಕಪ್ಪಿನ ನಡುವೆ ಹಸಿರು ಬಳೆ, ಅಂಚಿಗೆ ಕೆಂಪು, ಮಧ್ಯದಲ್ಲಿ ಸೂಜಿಮೊನೆಯಷ್ಟು ಬಿಳಿಚುಕ್ಕೆ. ಕಿಯೊಹಾರು ತಪ್ಪು ಮಾಡಿದ ಹುಡುಗನ ದನಿಯಲ್ಲಿ ವಿವರಿಸಿದ. ಇದು ಮುದಿ ನಕ್ಷತ್ರ. ಅದರ ಆಯಸ್ಸು ಮುಗಿದಿದೆ. ಈ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಕೇರಿಯೇ ಇರಲಿಲ್ಲ, ಇವತ್ತು ಬಂದು ಮುಟ್ಟಿತು.

ಫುಸಾಕೊ ಆ ಬಿಳಿಚುಕ್ಕೆಯ ಮೇಲೆ ಬೆರಳಿಟ್ಟಳು.

"ಸತ್ತ ಮೇಲೂ ಅದು ತನ್ನ ದೀಪ ಆರಿಸಿಲ್ಲ" ಎಂದಳು. "ನಿಮಗೆ ಮೂರು ದಿನ ಇಟ್ಕೊಳ್ಳೋಕಾಗ್ಲಿಲ್ಲ."

ಅವಳು ಒಳಗೆ ಹೋದಳು. ಕಿಯೊಹಾರು ಅಂಗಳದಲ್ಲಿ ಒಬ್ಬನೇ ನಿಂತ. ಸೂರಿನ ಲಾಂದ್ರವನ್ನು ರಸ್ತೆಯ ಕಡೆಯಿಂದ ನೋಡಿದ. ಅದಕ್ಕೆ ಪೀಪಾಯಿಯಷ್ಟು ದಪ್ಪದ ದೂರದರ್ಶಕವೇ ಅಡ್ಡವಾಗಿತ್ತು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಕ್ಯಾಮೆರಾ ಬಿಚ್ಚಿಟ್ಟ. ಸೂರಿನಿಂದ ಲಾಂದ್ರವನ್ನು ವೈರಿನ ಸಮೇತ ಇಳಿಸಿ, ದೂರದರ್ಶಕದ ತುದಿಗೆ, ಅಂಗಳದಲ್ಲೇ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ, ತೂಗುಹಾಕಿ ಹಗ್ಗದಿಂದ ಬಿಗಿದ. ಸ್ಮಶಾನದ ಗುಡ್ಡದಿಂದ ನೋಡಿದರೂ ಕಾಣಬೇಕು, ಹಾಗೆ. ಜೀವಮಾನದಲ್ಲಿ ಮೊದಲ ಸಲ ತನ್ನ ಯಂತ್ರ ಯಾರಿಗೋ ಉಪಯೋಗಕ್ಕೆ ಬಂತೆಂದು ಅವನಿಗೆ ಅನ್ನಿಸಿತು. ಸಭಾಭವನದ ನಡುವಿನ ಜಾಗ ಬೇರೆ ಯಾರದಾದರೂ ಆಗಲಿ ಎಂದುಕೊಂಡು ಹೋಗಿ ಮಲಗಿದ.

ಬೆಳಗ್ಗೆ ಅವನನ್ನು ಎಬ್ಬಿಸಿದ್ದು ಫುಸಾಕೊ. ತೋಳು ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದಳು.

ಮೋಟಾರು! ಕ್ಯಾಮೆರಾ ಬಿಚ್ಚಿದವನು ಮೋಟಾರು ನಿಲ್ಲಿಸಿರಲಿಲ್ಲ. ನಿಯತ್ತಿನ ಆ ಯಂತ್ರ ಇಡೀ ರಾತ್ರಿ ತನ್ನ ಕೆಲಸ ತಾನು ಮಾಡಿತ್ತು. ಉಂಗುರದ ನೀಹಾರಿಕೆಯ ಬೆನ್ನು ಹತ್ತಿ, ಒಂದೇ ಹದದಲ್ಲಿ, ಪಡುವಣಕ್ಕೆ ತಿರುಗುತ್ತ ತಿರುಗುತ್ತ ಬಾಗಿತ್ತು. ತುದಿಯಲ್ಲಿ ಅತ್ತೆಯ ಲಾಂದ್ರ ಇನ್ನೂ ಉರಿಯುತ್ತಿತ್ತು. ಗದ್ದೆಯ ಮೇಲೆ ಕೈಚಾಚಿದ ಹಾಗೆ, ದಾರಿ ಎತ್ತ ಎಂದು ಯಾವ ಮಂದಗಣ್ಣಿನವರಿಗೂ ಅನುಮಾನ ಬಾರದ ಹಾಗೆ, ನೇರ ಮಾತ್ಸುನೊ ಮನೆಯ ಬಾಗಿಲನ್ನು ತೋರಿಸುತ್ತಿತ್ತು.

ಆ ಬಾಗಿಲಲ್ಲಿ ಯಾಸುಯೊ ನಿಂತಿದ್ದಳು. ರಾತ್ರಿ ಮತ್ತೆ ಉರುಳಿದ್ದ ಉಪ್ಪಿನಕಾಯಿ ಪೀಪಾಯಿಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಇವರಿಗೆ ತೋರಿಸಿದಳು.

ಫುಸಾಕೊ ಒಳಗೆ ಹೋಗಿ, ಗಂಡನಿಗೆ ಉಳಿದಿದ್ದ ಒಂಟಿ ಚಪ್ಪಲಿಯ ಪಕ್ಕಕ್ಕೆ ತನ್ನ ಒಂದು ಚಪ್ಪಲಿ ತಂದು ಜೋಡಿಸಿದಳು.

"ಹೋಗಿ, ಹೊತ್ಕೊಂಡು ಬನ್ನಿ" ಎಂದಳು.